ಕಣ್ಣಿನ ಅಳತೆಯ ಕಾಗದ ನಮ್ಮ ಮಕ್ಕಳ ಕೈಗೆ ಕೊಡಿ

ಮಾನ್ಯ ಸಂಪಾದಕರೇ,

ನಾನು ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಗಣಿತ ಹೇಳಿಕೊಡುತ್ತೇನೆ. ನವಲಗುಂದ, ರೋಣ, ಹಾನಗಲ್, ಸವಣೂರು ಕಡೆಯಿಂದ ಬಂದು ರೂಮು ಮಾಡಿಕೊಂಡು ಓದುವ ಹುಡುಗ ಹುಡುಗಿಯರು. ಪೊಲೀಸ್, ರೈಲ್ವೆ, ಸೇನೆ ಅಂತ ಅರ್ಜಿ ಹಾಕುವವರೇ ಜಾಸ್ತಿ. ಓಟ ಚೆನ್ನಾಗಿರುತ್ತದೆ, ಎತ್ತರ ಇರುತ್ತದೆ, ಲಿಖಿತ ಪರೀಕ್ಷೆಗೂ ತಯಾರಿ ಇರುತ್ತದೆ, ಆದರೆ ಮೆಡಿಕಲ್‌ನಲ್ಲಿ ಕಣ್ಣಿಗೆ ಹೊರಗೆ ಹಾಕಿಬಿಡುತ್ತಾರೇನೋ ಎಂಬ ಹೆದರಿಕೆ ಕನ್ನಡಕ ಹಾಕುವ ಪ್ರತಿಯೊಬ್ಬರಿಗೂ ಇರುತ್ತದೆ. ಹಾಗಾಗಿ ಪಾಠ ಮುಗಿದ ಮೇಲೆ ನನಗೆ ಬರುವ ಪ್ರಶ್ನೆ ಒಂದೇ. "ಸರ, ಲ್ಯಾಸಿಕ್ ಚಲೋನೋ, ಸ್ಮೈಲ್ ಚಲೋನೋ? ಯಾವ್ದು ಮಾಡಿಸ್ಲಿ?" ಎರಡೂ ಕನ್ನಡಕ ಬಿಡಿಸುವ ಲೇಸರ್ ಶಸ್ತ್ರಚಿಕಿತ್ಸೆಗಳು.

ನಾನು ವೈದ್ಯನಲ್ಲ. ಆದರೆ ಮಕ್ಕಳು ಕೇಳುತ್ತಾರೆ ಅಂತ ಕಣ್ಣಿನ ಡಾಕ್ಟರ್‌ಗಳ ಹತ್ತಿರ ಕೂತು ಕೇಳಿ ತಿಳಿದುಕೊಂಡಿದ್ದೇನೆ. ಅದರಿಂದ ಗೊತ್ತಾಗಿದ್ದು ಇಷ್ಟು. ಜಾಹೀರಾತಿನಲ್ಲಿ ಶಸ್ತ್ರಚಿಕಿತ್ಸೆಯ ಹೆಸರು ಇರುತ್ತದೆ, ದರ ಇರುತ್ತದೆ, ಎಷ್ಟು ನಿಮಿಷದಲ್ಲಿ ಮುಗಿಯುತ್ತದೆ ಅಂತಲೂ ಇರುತ್ತದೆ. ಯಾವುದು ಯಾರಿಗೆ ಆಗುತ್ತದೆ ಅನ್ನುವುದನ್ನು ತೀರ್ಮಾನ ಮಾಡುವುದು ಮಾತ್ರ ಆ ಹುಡುಗನ ಕಣ್ಣಿನ ಅಳತೆ. ಆ ಅಳತೆಯನ್ನೇ ಯಾರೂ ಅವನ ಕೈಗೆ ಕೊಡುವುದಿಲ್ಲ.

ಲ್ಯಾಸಿಕ್‌ನಲ್ಲಿ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪರದೆಯ, ಮೇಲಿನ ತೆಳು ಪದರವನ್ನು ಪುಸ್ತಕದ ರಟ್ಟು ತೆರೆದ ಹಾಗೆ ಒಂದು ಕಡೆ ಎತ್ತುತ್ತಾರೆ. ಅದರ ಕೆಳಗೆ ಲೇಸರ್‌ನಿಂದ ಸವೆಸಿ ಪದರವನ್ನು ಮತ್ತೆ ಮುಚ್ಚುತ್ತಾರೆ. ಮರುದಿನವೇ ಚೆನ್ನಾಗಿ ಕಾಣುತ್ತದೆ, ನೋವೂ ಕಡಿಮೆ. ಪಿಆರ್‌ಕೆ ಇದಕ್ಕಿಂತ ಹಳೆಯದು. ಅದರಲ್ಲಿ ಪದರ ಎತ್ತುವುದೇ ಇಲ್ಲ. ಮೇಲಿನ ಚರ್ಮದಂಥ ಪೊರೆಯನ್ನು ತೆಗೆದು ನೇರವಾಗಿ ಲೇಸರ್ ಹಾಕುತ್ತಾರೆ, ಆ ಪೊರೆ ತಾನೇ ಮತ್ತೆ ಬೆಳೆಯುತ್ತದೆ. ಮೂರ್ನಾಲ್ಕು ದಿನ ಉರಿ, ನೀರು, ನೋವು ಎಲ್ಲಾ ಇರುತ್ತದೆ, ದೃಷ್ಟಿ ತಿಳಿಯಾಗಲು ವಾರಗಳೇ ಬೇಕು. ಸ್ಮೈಲ್‌ನಲ್ಲಿ ಕಾರ್ನಿಯಾದ ಒಳಗೇ ಲೇಸರ್‌ನಿಂದ ಒಂದು ತೆಳು ಬಿಲ್ಲೆ ಬಿಡಿಸಿ, ಎರಡರಿಂದ ನಾಲ್ಕು ಮಿಲಿಮೀಟರ್‌ನ ಸಣ್ಣ ಸೀಳಿನಿಂದ ಹೊರಗೆ ತೆಗೆಯುತ್ತಾರೆ. ಐಸಿಎಲ್‌ನ ದಾರಿಯೇ ಬೇರೆ. ಕಾರ್ನಿಯಾ ಸವೆಸುವುದಿಲ್ಲ, ನಮ್ಮದೇ ಮಸೂರವನ್ನು ಹಾಗೇ ಇಟ್ಟು ಅದರ ಮುಂದೆ ಒಂದು ತೆಳು ಲೆನ್ಸ್ ಕೂರಿಸುತ್ತಾರೆ, ಬೇಕಾದರೆ ಮುಂದೆ ತೆಗೆಯಲೂ ಬರುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಇದು ನನ್ನ ವಿಷಯ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾರ್ನಿಯಾದ ದಪ್ಪ ನಡುವೆ ಸುಮಾರು ಅರ್ಧ ಮಿಲಿಮೀಟರ್, ಸರಾಸರಿ 540 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಒಬ್ಬ ಹುಡುಗನದು 530 ಇದೆ, ಕನ್ನಡಕದ ನಂಬರ್ ಮೈನಸ್ 5 ಅಂತ ಇಟ್ಟುಕೊಳ್ಳಿ. ಲ್ಯಾಸಿಕ್‌ನಲ್ಲಿ ಎತ್ತುವ ಪದರ ಸುಮಾರು 110 ಮೈಕ್ರಾನ್. ಒಂದೊಂದು ನಂಬರ್ ತೆಗೆಯಲು ಸುಮಾರು 14 ಮೈಕ್ರಾನ್ ಸವೆಸಬೇಕು, ಅಂದರೆ 70. ಕೆಳಗೆ 350 ಉಳಿಯಿತು. ಚಿಂತೆಯಿಲ್ಲ. ಇನ್ನೊಬ್ಬ ಹುಡುಗಿಯದು 480, ನಂಬರ್ ಮೈನಸ್ 8. ಪದರಕ್ಕೆ 110 ಹೋಯಿತು, ಲೇಸರ್‌ಗೆ 112 ಹೋಯಿತು, ಉಳಿದದ್ದು 258. ಕೆಳಗೆ 250 ಕ್ಕಿಂತ ಕಡಿಮೆ ಉಳಿಯಲೇಬಾರದು ಎಂಬುದು ಹಳೆಯ ಗೆರೆ, ಎಚ್ಚರಿಕೆಯ ವೈದ್ಯರು 300 ಉಳಿಸಲು ನೋಡುತ್ತಾರೆ. ಕಡಿಮೆ ಉಳಿದರೆ ಕಾರ್ನಿಯಾ ಬಲ ಕಳೆದುಕೊಂಡು ನಿಧಾನವಾಗಿ ಮುಂದಕ್ಕೆ ಉಬ್ಬಬಹುದು, ಆಗ ಕನ್ನಡಕ ಹಾಕಿದರೂ ಸರಿಯಾಗಿ ಕಾಣುವುದಿಲ್ಲ. ಒಂದೇ ಬೆಂಚಿನಲ್ಲಿ ಕೂತ ಈ ಇಬ್ಬರಿಗೂ ಒಂದೇ ಆಪರೇಷನ್ ಹೇಗೆ ಚಲೋ ಆಗುತ್ತದೆ ಹೇಳಿ? ಇದು ಮೇಲುಮೇಲಿನ ಲೆಕ್ಕ, ವೈದ್ಯರು ಇನ್ನೂ ಹತ್ತು ವಿಷಯ ನೋಡುತ್ತಾರೆ. ಆದರೆ ಕಳೆಯುವ ಲೆಕ್ಕ ಬರುವ ಯಾವ ಹುಡುಗನಿಗೂ ಇದು ಅರ್ಥವಾಗುತ್ತದೆ.

ಸ್ಮೈಲ್‌ನಲ್ಲಿ ಪದರ ಎತ್ತುವುದಿಲ್ಲ, ಹಾಗಾಗಿ ತೆಳು ಕಾರ್ನಿಯಾ ಇದ್ದರೂ ನಡೆಯುತ್ತದೆ ಅಂತ ಮಕ್ಕಳಲ್ಲಿ ಒಂದು ನಂಬಿಕೆ ಇದೆ. ಅದು ಅಷ್ಟು ಸರಳವಲ್ಲ. ಬಿಲ್ಲೆ ತೆಗೆದಾಗಲೂ ಕಾರ್ನಿಯಾ ತೆಳುವಾಗುತ್ತದೆ. ನಂಬರ್ ಜಾಸ್ತಿ ಇದ್ದು ಕಾರ್ನಿಯಾ ತೆಳುವಾಗಿದ್ದರೆ ಐಸಿಎಲ್ ಮಾತು ಬರುತ್ತದೆ. ಅದಕ್ಕೂ ಅಳತೆ ಬೇಕು, ಕಾರ್ನಿಯಾಕ್ಕೂ ಮಸೂರಕ್ಕೂ ನಡುವೆ ಕನಿಷ್ಠ 2.8 ರಿಂದ 3 ಮಿಲಿಮೀಟರ್ ಜಾಗ ಇರಬೇಕು. ಅದು ಕಣ್ಣಿನ ಒಳಗೆ ಮಾಡುವ ಆಪರೇಷನ್, ಮುಂದೆ ಕಣ್ಣಿನ ಪೊರೆ (ಕ್ಯಾಟರಾಕ್ಟ್) ಬರುವ, ಕಣ್ಣಿನ ಒತ್ತಡ ಏರುವ ಸಾಧ್ಯತೆ ಸ್ವಲ್ಪ ಇರುತ್ತದೆ, ಹಾಗಾಗಿ ವರ್ಷ ವರ್ಷ ತೋರಿಸುತ್ತಿರಬೇಕು. ಖರ್ಚೂ ಜಾಸ್ತಿ.

ಇನ್ನು ನಮ್ಮ ಕಡೆ ಕುಸ್ತಿ, ಕಬಡ್ಡಿ ಆಡುವ ಹುಡುಗರು ಬಹಳ. ಲ್ಯಾಸಿಕ್‌ನ ಪದರ ಜೋರು ಪೆಟ್ಟು ಬಿದ್ದರೆ ವರ್ಷಗಳ ಮೇಲೂ ಜರುಗಬಹುದು. ಅಂಥವರಿಗೆ ಪಿಆರ್‌ಕೆ ಅಥವಾ ಸ್ಮೈಲ್ ಒಳ್ಳೆಯದು ಅಂತ ವೈದ್ಯರೇ ಹೇಳುತ್ತಾರೆ. ಆದರೆ ನೀನು ಏನು ಆಡುತ್ತೀಯಪ್ಪಾ ಅಂತ ಮೊದಲು ಯಾರಾದರೂ ಕೇಳಬೇಕಲ್ವಾ?

ನನ್ನ ವಿದ್ಯಾರ್ಥಿಯೊಬ್ಬ ಒಂದು ಕಡೆ ತೋರಿಸಲು ಹೋಗಿದ್ದ. ಹೆಸರು ಇಲ್ಲಿ ಬೇಡ. ಕಂಪ್ಯೂಟರ್‌ನಲ್ಲಿ ನಂಬರ್ ನೋಡಿ, ಎಲ್ಲಾ ನಾರ್ಮಲ್ ಇದೆ, ರಿಯಾಯಿತಿ ಈ ವಾರ ಮಾತ್ರ, ಅಡ್ವಾನ್ಸ್ ಕಟ್ಟು ಅಂದರಂತೆ. ಕಾರ್ನಿಯಾ ದಪ್ಪ ಎಷ್ಟು ಅಂತ ಕೇಳಿದರೆ ಅದು ನಿನಗೆ ತಿಳಿಯೋದಿಲ್ಲ ಅಂದರಂತೆ. ಅವನು ಹಣ ಕಟ್ಟದೆ ಎದ್ದು ಬಂದ, ನಾವೇ ಬೇರೆ ವೈದ್ಯರಲ್ಲಿಗೆ ಕಳಿಸಿದೆವು. ಅವರು ಕಾರ್ನಿಯಾದ ನಕ್ಷೆ ತೆಗೆಯುವ ಸ್ಕ್ಯಾನ್ ಮಾಡಿಸಿದರು. ಕೆಳಭಾಗ ಸ್ವಲ್ಪ ಉಬ್ಬಿತ್ತು. ಕೆರಟೋಕೋನಸ್ (ಕಾರ್ನಿಯಾ ತೆಳುವಾಗಿ ಶಂಕುವಿನ ಹಾಗೆ ಮುಂದಕ್ಕೆ ಉಬ್ಬುವ ಕಾಯಿಲೆ) ಶುರುವಾಗುತ್ತಿರಬಹುದು, ಲೇಸರ್ ಹೆಸರು ಎತ್ತಬೇಡ, ಕಣ್ಣು ಉಜ್ಜುವುದನ್ನು ಇವತ್ತೇ ನಿಲ್ಲಿಸು ಅಂದರು. ಅಲರ್ಜಿಯಿಂದ ತುರಿಕೆ ಬಂದು ಆ ಹುಡುಗ ಚಿಕ್ಕಂದಿನಿಂದ ಕಣ್ಣು ಉಜ್ಜುತ್ತಿದ್ದ. ಆ ವೈದ್ಯರು ನಕ್ಷೆಯ ಒಂದೊಂದು ಬಣ್ಣ ಏನು ಅಂತ ಕನ್ನಡದಲ್ಲಿ ಕೂತು ಹೇಳಿದರು. ಅವರಿಗೆ ನಾನು ಎಷ್ಟು ಕೃತಜ್ಞತೆ ಹೇಳಿದರೂ ಸಾಲದು.

ಮಕ್ಕಳಿಗೆ ಇನ್ನೂ ಒಂದೆರಡು ಮಾತು ನೇರವಾಗಿ ಹೇಳುತ್ತೇನೆ. 18 ತುಂಬಿರಬೇಕು, ಒಂದು ವರ್ಷದಿಂದ ನಂಬರ್ ಹೆಚ್ಚುಕಡಿಮೆ ಒಂದೇ ಇರಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ತಪಾಸಣೆಗೆ ಮೊದಲೇ ಅದನ್ನು ಬಿಡಬೇಕು, ಎಷ್ಟು ದಿನ ಅಂತ ಫೋನ್ ಮಾಡಿ ಕೇಳಿಕೊಂಡೇ ಹೋಗಿ, ಇಲ್ಲದಿದ್ದರೆ ಅಳತೆಯೇ ತಪ್ಪು ಬರುತ್ತದೆ. ಔಷಧ ಹಾಕಿ ಪಾಪೆ ಹಿಗ್ಗಿಸಿ ರೆಟಿನಾ, ಅಂದರೆ ಕಣ್ಣಿನ ಒಳಗಿನ ಹಿಂಪರದೆ, ನೋಡಿಸಿ. ನಂಬರ್ ಜಾಸ್ತಿ ಇರುವವರಿಗೆ ರೆಟಿನಾದಲ್ಲಿ ತೂತು ಬೀಳುವ ಅಪಾಯ ಇರುತ್ತದೆ, ಕನ್ನಡಕ ಹೋದರೂ ಆ ಅಪಾಯ ಹೋಗುವುದಿಲ್ಲ. ಲ್ಯಾಸಿಕ್ ಆದ ಮೇಲೆ ಕೆಲವು ತಿಂಗಳು ಕಣ್ಣು ಒಣಗುವುದು ಸಾಮಾನ್ಯ, ದಿನಾ ಹತ್ತು ತಾಸು ರೀಡಿಂಗ್ ರೂಮಿನಲ್ಲಿ ಕೂರುವವರು ಪರೀಕ್ಷೆಯ ತಾರೀಖು ನೋಡಿಕೊಂಡು ಮಾಡಿಸಬೇಕು. ಎಲ್ಲಕ್ಕಿಂತ ಮೊದಲು ನೋಟಿಫಿಕೇಶನ್‌ನಲ್ಲಿ ಮೆಡಿಕಲ್ ಭಾಗ ಓದಿ. ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಲ್ಯಾಸಿಕ್ ಅಥವಾ ಅಂಥ ಯಾವುದೇ ಆಪರೇಷನ್ ಮಾಡಿಸಿಕೊಂಡವರನ್ನು ತೆಗೆದುಕೊಳ್ಳುವುದಿಲ್ಲ. ಅಪ್ಪ ಹತ್ತಿ ಮಾರಿ ಕೊಟ್ಟ ದುಡ್ಡು ಅಂಥ ಆಪರೇಷನ್‌ಗೆ ಹೋಗಿ ಕೆಲಸವೂ ತಪ್ಪಿದರೆ ಹೊಟ್ಟೆ ಉರಿಯುತ್ತದೆ.

ಹುಬ್ಬಳ್ಳಿ ಧಾರವಾಡದ ಕಣ್ಣಿನ ಆಸ್ಪತ್ರೆಗಳ ಮೇಲೆ ನನಗೆ ಗೌರವ ಇದೆ. ಹಳ್ಳಿ ಹಳ್ಳಿಯಲ್ಲಿ ಪೊರೆ ಶಿಬಿರ ಮಾಡಿ ಎಷ್ಟೋ ಹಿರಿಯರಿಗೆ ಕಣ್ಣು ಕೊಟ್ಟ ಊರು ಇದು. ಅದಕ್ಕೇ ಧೈರ್ಯ ಮಾಡಿ ಕೇಳುತ್ತಿದ್ದೇನೆ. ತಪಾಸಣೆ ಮಾಡಿದ ದಿನವೇ ಕಾರ್ನಿಯಾ ದಪ್ಪ, ನಕ್ಷೆ, ಆಪರೇಷನ್ ಆದ ಮೇಲೆ ಎಷ್ಟು ಉಳಿಯುತ್ತದೆ ಎಂಬ ಲೆಕ್ಕ, ಇಷ್ಟನ್ನು ಅಚ್ಚು ಹಾಕಿ ಕೊಡಿ. ಮಕ್ಕಳು ಅದನ್ನು ಬೇರೆ ವೈದ್ಯರಿಗೆ ತೋರಿಸಿದರೆ ಬೇಸರ ಮಾಡಿಕೊಳ್ಳಬೇಡಿ. ಒಪ್ಪಿಗೆ ಪತ್ರ ಕನ್ನಡದಲ್ಲಿ ಇರಲಿ. ಆಪರೇಷನ್ ಕೋಣೆಯ ಬಾಗಿಲಲ್ಲಿ ನಿಲ್ಲಿಸಿ ಇಂಗ್ಲಿಷ್ ಹಾಳೆಗೆ ಸಹಿ ಹಾಕಿಸಿಕೊಳ್ಳುವುದು ಬೇಡ, ಎರಡು ದಿನ ಮೊದಲೇ ಮನೆಗೆ ಕೊಟ್ಟು ಕಳಿಸಿ, ತಂದೆ ತಾಯಿಯೂ ಓದಲಿ.

ಸಂಪಾದಕರೇ, ನಿಮ್ಮಲ್ಲೂ ಒಂದು ವಿನಂತಿ. ಅವಳಿ ನಗರದ ವೈದ್ಯರನ್ನು ಕೇಳಿ ಈ ನಾಲ್ಕೂ ಶಸ್ತ್ರಚಿಕಿತ್ಸೆಗಳ ಬಗ್ಗೆ, ಯಾರಿಗೆ ಬೇಡ ಎಂಬುದನ್ನೂ ಸೇರಿಸಿ, ಒಂದು ಪುಟ ಪ್ರಕಟಿಸಿ. ಮುಂದಿನ ನೇಮಕಾತಿ ಪ್ರಕಟಣೆ ಬರುವುದರೊಳಗೆ ಆದರೆ ಇನ್ನೂ ಒಳ್ಳೆಯದು. ಅದನ್ನು ಕತ್ತರಿಸಿ ನಮ್ಮ ತರಗತಿಯ ಗೋಡೆಗೆ ಹಚ್ಚುತ್ತೇನೆ.

ಗಣಿತ ಶಿಕ್ಷಕ, ಸಪ್ತಾಪುರ, ಧಾರವಾಡ