ಗ್ರಂಥಾಲಯದಲ್ಲಿ ಪಕ್ಕ ಕೂತಿದ್ದ ಅಣ್ಣನಿಗೆ

ನಿಮ್ಮ ಹೆಸರು ಕೇಳೋದೇ ಮರೆತೆ. ನಾನು ಲ್ಯಾಪ್‌ಟಾಪಿಗೆ ಉಬುಂಟು 24.04 (ವಿಂಡೋಸ್ ಥರದ್ದೇ ಒಂದು ಆಪರೇಟಿಂಗ್ ಸಿಸ್ಟಮ್) ಹಾಕಿಕೊಂಡು ಇನ್ನೂ ಎರಡೇ ವಾರ. ಅಪ್‌ಡೇಟ್ ನಡೆಯುವಾಗ ಮನೆಯಲ್ಲಿ ಕರೆಂಟ್ ಹೋಗಿ, ಬ್ಯಾಟರಿ ಕೆಟ್ಟಿದ್ದ ಲ್ಯಾಪ್‌ಟಾಪ್ ಆಫ್ ಆಯಿತು. ಆಮೇಲೆ ಏನು ಇನ್‌ಸ್ಟಾಲ್ ಮಾಡಲು ಹೋದರೂ ಎರರ್. ಎಲ್ಲ ಅಳಿಸಿ ಹೊಸದಾಗಿ ಹಾಕಬೇಕೇನೋ ಅಂದುಕೊಂಡಿದ್ದೆ.

ನೀವು ಆ ಎರರ್ ಅನ್ನೇ ನಿಧಾನವಾಗಿ ಓದಿಸಿದಿರಿ. ಮಾಡಬೇಕಾದ್ದು ಅದರಲ್ಲೇ ಇತ್ತು: ‘ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ’, ಅಂದರೆ ಅರ್ಧಕ್ಕೆ ನಿಂತ ಇನ್‌ಸ್ಟಾಲ್ ಕೆಲಸವನ್ನು ಮುಗಿಸುವ ಕಮಾಂಡ್. ಕೀಬೋರ್ಡ್ ನಿಮ್ಮ ಕಡೆ ಎಳೆದುಕೊಳ್ಳದೆ ನನ್ನ ಕೈಯಲ್ಲೇ ಟೈಪ್ ಮಾಡಿಸಿದಿರಿ. ಪಾಸ್‌ವರ್ಡ್ ಹೊಡೆದರೆ ಪರದೆ ಮೇಲೆ ಒಂದು ಚುಕ್ಕಿಯೂ ಇಲ್ಲ, ಗಾಬರಿಯಾದೆ. ‘ಕಾಣೋದಿಲ್ಲ, ಸುಮ್ನೆ ಹೊಡೆದು ಎಂಟರ್ ಒತ್ತಿ’ ಅಂದಿರಿ. ಅರ್ಧಕ್ಕೆ ನಿಂತಿದ್ದ ಪ್ಯಾಕೇಜ್‌ಗಳು (ಸಾಫ್ಟ್‌ವೇರ್ ಕಟ್ಟುಗಳು) ಒಂದೊಂದಾಗಿ ಸೆಟಪ್ ಆಗುತ್ತಾ ಬಂದವು. ನನ್ನ ಫೈಲುಗಳೆಲ್ಲ ಹಾಗೇ ಇವೆ. ತುಂಬಾ ಥ್ಯಾಂಕ್ಸ್ ಅಣ್ಣಾ, ಆ ಸಾಲನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಟ್ಟಿದ್ದೇನೆ.