ಎದುರುಪೆಟ್ಟಿನ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಬ್ಲೂಗ್ರಾಸ್ ಎಂಬ ಅಮೆರಿಕದ ಜನಪದ ಶೈಲಿಯ ಸಂಗೀತದ ಗಿಟಾರ್ ವಾದಕ, ಗಾಯಕ ಟೋನಿ ರೈಸ್ ತೀರಿಕೊಂಡದ್ದು 2020ರ ಡಿಸೆಂಬರ್ 25ರಂದು, ನಾರ್ತ್ ಕ್ಯಾರೊಲಿನಾದ ರೀಡ್ಸ್‌ವಿಲ್‌ನ ತಮ್ಮ ಮನೆಯಲ್ಲಿ. ಅಂದಿನಿಂದ ಪ್ರತಿ ಕ್ರಿಸ್ಮಸ್ ರಜೆಯಲ್ಲೂ ಅವರ ಧ್ವನಿಮುದ್ರಣಗಳ ಜೊತೆ ಗಿಟಾರ್ ನುಡಿಸುತ್ತ ಕೂರುವುದು ನನಗೆ ರೂಢಿಯಾಗಿದೆ. ನೀನು ಊರಿಗೆ ಮರಳಿದ ಮೇಲೆ ಅದೇ ರಾಜ್ಯದ ರಾಲೀ ನಗರದ ಈ ಮನೆಯಲ್ಲಿ ನನಗೆ ಉಳಿದಿರುವ ಜೊತೆ ಅದೊಂದೇ. ಈ ಸಲ ಒಂದು ಕಡೆ ಬೆರಳು ತಡವರಿಸಿ ನಾನು ನಿಂತೆ, ಟೋನಿ ನಿಲ್ಲಲಿಲ್ಲ. ನೀನಿದ್ದಿದ್ದರೆ ಹಿಡಿದ ಸ್ವರಗಳನ್ನೇ ಇನ್ನೆರಡು ಸುತ್ತು ನುಡಿಸುತ್ತ ನನಗಾಗಿ ಕಾಯುತ್ತಿದ್ದೆ.

ಬ್ಲೂಗ್ರಾಸ್ ಮೇಳದಲ್ಲಿ ಸಾಮಾನ್ಯವಾಗಿ ಚರ್ಮವಾದ್ಯವಿರುವುದಿಲ್ಲ. ಡಬಲ್ ಬೇಸ್ ತಾಳದ ಪೆಟ್ಟು ಕೊಟ್ಟರೆ ಎದುರುಪೆಟ್ಟನ್ನು ಮ್ಯಾಂಡೊಲಿನ್ ಕೊಡಬೇಕು. ತಂತಿಗಳನ್ನು ಮೀಟಿದ ಮರುಕ್ಷಣವೇ ಎಡಗೈ ಬೆರಳುಗಳನ್ನು ಸಡಿಲಿಸಿ, ನಾದವನ್ನು ಕತ್ತರಿಸಿದಂತೆ ನಿಲ್ಲಿಸಬೇಕು. ಅಷ್ಟು ವರ್ಷ ನೀನು ನನ್ನ ಬೆನ್ನಿಗೆ ಅದನ್ನೇ ನುಡಿಸಿದೆ. ನಾನು ಮಾತ್ರ ಟೋನಿಯವರ ವೇಗವನ್ನಷ್ಟೇ ಕಲಿಯಲು ಹೊರಟಿದ್ದೆ. ಅವರ 1935ರ ಮಾರ್ಟಿನ್ ಗಿಟಾರ್ ಹಿಂದೆ ಗಿಟಾರ್ ವಾದಕ ಕ್ಲಾರೆನ್ಸ್ ವೈಟ್ ಅವರದಾಗಿತ್ತು ಎಂಬುದನ್ನೂ, ಅದರ ನಾದರಂಧ್ರವನ್ನು ಯಾರೋ ಕೊರೆದು ಹಿಗ್ಗಿಸಿದ್ದರು ಎಂಬುದನ್ನೂ ನಿನಗೆ ಎಷ್ಟು ಸಲ ಹೇಳಿದ್ದೆನೋ! ಆದರೆ ಜೆ. ಡಿ. ಕ್ರೋ ತಂಡದ 1975ರ ಆಲ್ಬಮ್‌ನಲ್ಲಿ ಕ್ರೋ ಬ್ಯಾಂಜೊ ನುಡಿಸುವಾಗ ಟೋನಿಯವರ ಗಿಟಾರ್ ಹಿಂದೆ ನಿಂತು ಏನು ಮಾಡುತ್ತಿದೆ ಎಂಬುದನ್ನು ನಾನು ಕಿವಿಗೊಟ್ಟು ಕೇಳಿದ್ದು ಈ ವಾರ. ಅದು ಅಪ್ಪಟ ಪಕ್ಕವಾದ್ಯ.

1994ರಲ್ಲಿ, ಗಂಟಲಿನ ಸ್ನಾಯುಗಳ ಬಿಗಿತದಿಂದ ಟೋನಿಯವರ ಹಾಡುವ ದನಿ ಹೋಯಿತು. ಅಷ್ಟು ಚೆಂದದ ದನಿಯನ್ನು ಕಳೆದುಕೊಂಡ ಮೇಲೂ ಅವರು ವರ್ಷಗಟ್ಟಲೆ, ಪೀಟರ್ ರೋವನ್ ಅಂಥವರು ಹಾಡುವಾಗ ಪಕ್ಕದಲ್ಲಿ ನಿಂತು ನುಡಿಸಿದರು. 2013ರಲ್ಲಿ ನಮ್ಮ ರಾಲೀಯಲ್ಲೇ ಬ್ಲೂಗ್ರಾಸ್ ಸಂಘದ ಗೌರವ ಸ್ವೀಕರಿಸುತ್ತ, ಮಾತಿನ ನಡುವೆ ಒರಟು ದನಿಯನ್ನು ಬಿಟ್ಟು ಕೆಲವು ಕ್ಷಣ ತಮ್ಮ ಹಳೆಯ ಸಹಜ ದನಿಯಲ್ಲಿ ಮಾತಾಡಿದರಲ್ಲ, ಆ ವಿಡಿಯೊ ನೋಡುತ್ತ ನೀನು ಅತ್ತದ್ದು ನನಗೆ ನೆನಪಿದೆ.

ಟೋನಿಯವರನ್ನು ನೆನೆಯಲೆಂದೇ ಕೂತವನು ಈಗ ಇದನ್ನೂ ಬರೆಯದೆ ಇರಲಾರೆ. ನೀನು ಹೊರಡುವ ಮುಂಚಿನ ಕೊನೆಯ ಶನಿವಾರ, ಎಂದೂ ಹಾಡದ ನೀನು ಒಂದು ನಿಧಾನದ ಹಾಡನ್ನು ಎತ್ತಿಕೊಂಡೆ. ನಾನು ಎರಡನೆಯ ಚರಣದ ಹೊತ್ತಿಗೆ ಲಯವನ್ನು ಎಳೆದು ಓಡಿಸಿ, ನಿನ್ನ ದನಿಯ ಮೇಲೆಯೇ ನನ್ನ ಕೈಚಳಕವನ್ನೆಲ್ಲ ಸುರಿದೆ. ನೀನು ಮ್ಯಾಂಡೊಲಿನ್ ಕೆಳಗಿಟ್ಟು, "ಯಾಕೋ ಕೈ ನೋಯುತ್ತಿದೆ" ಎಂದೆ. ನೋವು ಕೈಯದಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಮುಂದಿನ ಹಾಡನ್ನು ಶುರುಮಾಡಿದೆ. ಅದು ನಡೆದದ್ದು ಹನ್ನೆರಡು ಜನರ ಎದುರಿಗೆ. ಅವರೂ ಓದಲೆಂದು ಈ ಪತ್ರವನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ. ತಪ್ಪು ನನ್ನದು, ಕ್ಷಮಿಸು.

ಇರಲಿ. ಈ ಚಳಿಗೆ ನಮ್ಮ ಸೋದರತ್ತೆ, ಅದೇ ಮೂರನೆಯ ತಂತಿ, ಮತ್ತೆ ಮುನಿಸಿಕೊಂಡಿದ್ದಾಳೆ. ನಿನ್ನನ್ನು ಕೇಳಿದಳೆಂದು ತಿಳಿ. ಜುಲೈನಲ್ಲಿ ಊರಿಗೆ ಬರುತ್ತಿದ್ದೇನೆ. ಮ್ಯಾಂಡೊಲಿನ್ನಿಗೆ ಎಂಟೂ ಹೊಸ ತಂತಿಗಳನ್ನು ನಾನೇ ತರುತ್ತೇನೆ. ಹಾಡೂ ನಿನ್ನದೇ, ಗತಿಯೂ ನಿನ್ನದೇ. ಅವಲಕ್ಕಿಯ ಜವಾಬ್ದಾರಿ ಮಾತ್ರ ಈ ಸಲ ಡಾಕ್ಟರಿಗೆ ಬೇಡ.

ನಿನ್ನ,
ಗಿಟಾರಿನವನು