ಅಂಧ ಪ್ರಯಾಣಿಕರ ರಿಯಾಯಿತಿ ನಿರಾಕರಣೆ ಹಾಗೂ ಟಿಕೆಟ್ ಕೌಂಟರಿನಲ್ಲಿ ನಡೆದ ಅವಮಾನದ ಕುರಿತು ದೂರು

ವಿಜಯಪುರ

ಇವರಿಗೆ,
ರೈಲ್ವೆಯ ವಾಣಿಜ್ಯ ವಿಭಾಗದ ಹಿರಿಯ ಅಧಿಕಾರಿಗಳು

ಮಾನ್ಯರೇ,

ಸಹಾಯವಾಣಿಗೆ ಮೂರು ಸಲ ಕರೆ ಮಾಡಿ, ಮೂರು ಸಲವೂ ‘ಸಂಬಂಧಪಟ್ಟವರಿಗೆ ಕಳಿಸಿದ್ದೇವೆ’ ಎಂಬ ಉತ್ತರ ಕೇಳಿ, ಕೊನೆಗೆ ನನ್ನ ದೂರು ‘ಇತ್ಯರ್ಥವಾಗಿದೆ’ ಎಂಬ ಸಂದೇಶ ಮೊಬೈಲಿಗೆ ಬಂದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ಏನು ಇತ್ಯರ್ಥವಾಯಿತೆಂದು ಇದುವರೆಗೆ ಯಾರೂ ತಿಳಿಸಿಲ್ಲ.

ನನ್ನ ತಂಗಿ ಸಂಪೂರ್ಣ ಅಂಧೆ. ಸ್ಲೀಪರ್ ದರ್ಜೆಯಲ್ಲಿ ಆಕೆಗೂ ಜೊತೆಗೆ ಹೋಗುವ ಒಬ್ಬರಿಗೂ ಶೇ. 75ರಷ್ಟು ರಿಯಾಯಿತಿ ಉಂಟೆಂಬುದು ನಿಮ್ಮದೇ ನಿಯಮ. 2020ರ ಮಾರ್ಚ್ 20ರಿಂದ ಹಿರಿಯ ನಾಗರಿಕರ ರಿಯಾಯಿತಿ ನಿಂತಾಗ, 58 ದಾಟಿದ ಹೆಂಗಸಾದ ನನಗೆ ಸಿಗುತ್ತಿದ್ದ ಅರ್ಧ ದರವೂ ಹೋಯಿತು; ಅದನ್ನು ಸಹಿಸಿಕೊಂಡೆ. ಆದರೆ ಅಂಗವಿಕಲರ 4 ವರ್ಗ, ರೋಗಿಗಳ 11 ವರ್ಗ ಹಾಗೂ ವಿದ್ಯಾರ್ಥಿಗಳ ರಿಯಾಯಿತಿ ಇನ್ನೂ ಇದೆಯೆಂಬುದು ಕೌಂಟರಿನಲ್ಲಿ ಕೂತವರಿಗೆ ಗೊತ್ತಿರಬೇಡವೇ?

ಬೆಂಗಳೂರಿನಲ್ಲಿ ತಂಗಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮವಿತ್ತು. ಗೋಲಗುಂಬಜ್ ಎಕ್ಸ್‌ಪ್ರೆಸ್ಸಿಗೆ ಅರ್ಜಿ ತುಂಬಿ, ರೈಲ್ವೆಯೇ ಕೊಟ್ಟ ಫೋಟೊ ಇರುವ ಗುರುತಿನ ಚೀಟಿಯನ್ನೂ ಸೇರಿಸಿ ಕಿಂಡಿಯೊಳಗೆ ಸರಿಸಿದೆ. ನಿಮ್ಮ ಸಿಬ್ಬಂದಿ ಚೀಟಿಯನ್ನು ಕೈಯಿಂದಲೂ ಮುಟ್ಟದೆ, ‘ರಿಯಾಯಿತಿ ಎಲ್ಲಾ ಕೊರೊನಾದಾಗ ಬಂದ್ ಆಗ್ಯಾವ ಅಕ್ಕಾರ’ ಎಂದರು. ಅದು ಹಿರಿಯ ನಾಗರಿಕರದು, ಇದು ಕಣ್ಣಿಲ್ಲದವರದು ಎಂದೆ. ಆಗ ಅವರು ತಂಗಿಯನ್ನು ಮುಂದೆ ಕರೆಸಿ, ಗಾಜಿಗೆ ತಾಗುವಂತೆ ಕೈ ಎತ್ತಿ, ‘ಎಷ್ಟ ಬೆರಳ ಅದಾವ, ಹೇಳ್ರಿ ನೋಡೋಣ’ ಎಂದು ಕೇಳಿದರು. ಎದುರಿಗೆ ಕೈ ಇದೆಯೆಂಬುದೇ ತಿಳಿಯದ ಅವಳು ದನಿ ಬಂದ ಕಡೆ ಮುಖ ತಿರುಗಿಸಿ, ಕಿಂಡಿಯ ಕಲ್ಲಿನ ಅಂಚನ್ನು ಎರಡೂ ಕೈಯಿಂದ ಹಿಡಿದು, ‘ಏನ್ರೀ?’ ಎಂದಳು. ಸರದಿಯಲ್ಲಿದ್ದ ಇಬ್ಬರು ನಕ್ಕರು. ಸಿಬ್ಬಂದಿಯೂ ನಕ್ಕರು. ಹಿಂದಿನವರು ಅವಸರ ಮಾಡುತ್ತಿದ್ದರು, ತೊಟ್ಟಿಲ ದಿನ ಹತ್ತಿರವಿತ್ತು. ನಾನು ಪೂರ್ತಿ ದರ ಎಣಿಸಿ ಕೊಟ್ಟೆ.

ಹೊರಗೆ ಬಂದ ಮೇಲೆ ತಂಗಿ, ‘ಅಕ್ಕಾ, ಅವ್ರು ಯಾಕ ನಕ್ರು?’ ಎಂದು ಕೇಳಿದಳು. ಅವರವರ ಮಾತಿಗೆ ನಕ್ಕರು ಎಂದು ಸುಳ್ಳು ಹೇಳಿದೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು ಆ ಕಿಂಡಿಯೆದುರು ಬಾಯಿ ಬಿಡಲಿಲ್ಲವೆಂಬ ಸಂಕಟ ಇಂದಿಗೂ ಹೋಗಿಲ್ಲ.

ನಿಲ್ದಾಣ, ದಿನಾಂಕ, ಟಿಕೆಟ್ಟಿನ ಪ್ರತಿ ಮತ್ತು ಗುರುತಿನ ಚೀಟಿಯ ಪ್ರತಿಯನ್ನು ಲಗತ್ತಿಸಿದ್ದೇನೆ. ಹೆಚ್ಚುವರಿಯಾಗಿ ಪಡೆದ ಹಣ ಮರಳಬೇಕು. ಕ್ಷಮೆಯನ್ನು ಕಾಗದದಲ್ಲಿ ಕಳಿಸಿದರೆ ಅವಳಿಗೆ ಓದಲಾಗದು, ಆ ಸಿಬ್ಬಂದಿಯೇ ಅವಳ ಎದುರು ಬಾಯಿಬಿಟ್ಟು ಕೇಳಬೇಕು. ಕಿಂಡಿಯ ಮೇಲಿರುವ ಕ್ಯಾಮೆರಾದ ದೃಶ್ಯವನ್ನು ಅಳಿಸದೆ ಕಾದಿಡಿ. ಅಂಗವಿಕಲರನ್ನು ಸಾರ್ವಜನಿಕವಾಗಿ ಬೇಕೆಂದೇ ಅವಮಾನಿಸಿದವರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೆಯ ಕಲಮು ಕನಿಷ್ಠ 6 ತಿಂಗಳಿಂದ 5 ವರ್ಷದವರೆಗೆ ಜೈಲುಶಿಕ್ಷೆ ಹೇಳುತ್ತದೆ. 15 ದಿನಗಳೊಳಗೆ ಉತ್ತರ ಬರದಿದ್ದರೆ ಪೊಲೀಸ್ ಠಾಣೆಗೂ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. ಆಮೇಲೆ ನೀವು ಹಣ ಮರಳಿಸಿದರೂ ದೂರು ಹಿಂಪಡೆಯುವುದಿಲ್ಲ.

ಇಂತಿ,
ನಿವೃತ್ತ ಶಿಕ್ಷಕಿ, ವಿಜಯಪುರ